ಅನ್ಯೂರಿಸಂ ರಕ್ತಸ್ರಾವ: ಚೇತರಿಕೆಯ ಮುನ್ನಂದಾಜು

ಮೆದುಳಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಒಂದೆಡೆ ಸೊರಗಿ, ಪುಟ್ಟ ಹಣ್ಣಿನಂತೆ ಉಬ್ಬಿಕೊಂಡರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಮೆದುಳಿನ ತಳದಲ್ಲಿ ಅಪಧಮನಿಗಳು ಕೂಡಿ ಉಂಗುರ ಕಟ್ಟಿಕೊಳ್ಳುವ ಕಡೆ, ಕವಲೊಡೆಯುವ ಮೂಲೆಗಳಲ್ಲಿ, ಇವು ಹೆಚ್ಚಾಗಿ ಕಾಣಿಸುತ್ತವೆ. ವಯಸ್ಕರಲ್ಲಿ ಸುಮಾರು 3% ಮಂದಿಗೆ ಇಂಥ ಉಬ್ಬು ಇರುತ್ತದೆ. ಬಹುಪಾಲು ಜನ ಅದು ಇದ್ದದ್ದೇ ತಿಳಿಯದೆ ಬಾಳಿ ಮುಗಿಸುತ್ತಾರೆ. ಒಡೆದಾಗ ಮಾತ್ರ ರಕ್ತ ಮೆದುಳನ್ನು ಸುತ್ತಿದ ಪೊರೆಗಳ ನಡುವಿನ ನೀರಿನ ಜಾಗಕ್ಕೆ ರಭಸದಿಂದ ನುಗ್ಗುತ್ತದೆ. ಸಿಡಿಲು ಬಡಿದಂಥ ತಲೆನೋವು, ವಾಂತಿ, ಕುತ್ತಿಗೆಯ ಬಿಗಿತ ಅದರ ಗುರುತುಗಳು. ಕೆಲವರಿಗೆ ನಿಂತಲ್ಲೇ ಎಚ್ಚರ ತಪ್ಪುತ್ತದೆ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ 6ರಿಂದ 9 ಮಂದಿ ಇದಕ್ಕೆ ತುತ್ತಾಗುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಉಳಿದ ಬಗೆಯ ಪಾರ್ಶ್ವವಾಯುಗಳಿಗಿಂತ ಬೇಗ, ಐವತ್ತರ ಆಸುಪಾಸಿನಲ್ಲೇ, ಮನೆಯ ಹೊಣೆ ಹೆಗಲ ಮೇಲಿರುವಾಗಲೇ ಇದು ಎರಗುತ್ತದೆ.

ಹೀಗೆ ಬಿದ್ದ ರೋಗಿ ಉಳಿಯುತ್ತಾರೆಯೇ, ಉಳಿದರೆ ಯಾವ ಸ್ಥಿತಿಯಲ್ಲಿ ಎಂಬುದನ್ನು ಮೊದಲ ಗಂಟೆಗಳ, ದಿನಗಳ ಲಕ್ಷಣಗಳಿಂದ ಅಳೆದು ಹೇಳುವ ಪ್ರಯತ್ನವೇ ಮುನ್ನಂದಾಜು. ಸುಮಾರು ಮೂರನೆಯ ಒಂದು ಭಾಗ ರೋಗಿಗಳು ಸಾಯುತ್ತಾರೆ, ಅವರಲ್ಲಿ ಕೆಲವರು ಆಸ್ಪತ್ರೆ ಸೇರುವ ಮೊದಲೇ. ಆದರೆ ಈ ಒಟ್ಟು ಲೆಕ್ಕ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಹೆಚ್ಚೇನೂ ಹೇಳುವುದಿಲ್ಲ. ನಡೆದುಕೊಂಡೇ ಆಸ್ಪತ್ರೆಗೆ ಬಂದವರೂ ವೆಂಟಿಲೇಟರ್ ಮೇಲೆ ಬಂದವರೂ ಅದೇ ಸರಾಸರಿಯೊಳಗೆ ಸೇರಿಕೊಂಡಿರುತ್ತಾರೆ.

ಅಂದಾಜು ಕಷ್ಟವಾಗಲು ಮುಖ್ಯ ಕಾರಣ, ಈ ಕಾಯಿಲೆ ಒಂದೇ ಏಟಿಗೆ ಮುಗಿಯುವುದಿಲ್ಲ. ಮೊದಲ ಏಟು ಒಡೆದ ಕ್ಷಣದ್ದು: ತಲೆಬುರುಡೆಯೊಳಗಿನ ಒತ್ತಡ ಥಟ್ಟನೆ ಏರಿ, ಮೆದುಳಿಗೆ ರಕ್ತ ಹರಿಯುವುದೇ ಕೆಲಹೊತ್ತು ನಿಂತಂತಾಗುತ್ತದೆ. ಎರಡನೆಯದು ಮರುಸ್ರಾವ. ಮೊದಲ 24 ಗಂಟೆಗಳಲ್ಲಿ ಇದರ ಭಯ ಅತಿ ಹೆಚ್ಚು, ಆದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಮೂರನೆಯದು ತಡವಾಗಿ, ಮೋಸದಿಂದ ಬರುತ್ತದೆ. ಚೆಲ್ಲಿದ ರಕ್ತ ಕರಗುತ್ತಾ ಹೋದಂತೆ ಅಪಧಮನಿಗಳು ಸೆಟೆದು ಕಿರಿದಾಗುತ್ತವೆ. ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದ ತನಕ ಈ ಕಾಟ ಇರುತ್ತದೆ. ಸುಮಾರು 30% ರೋಗಿಗಳಲ್ಲಿ ಮೆದುಳಿನ ಯಾವುದಾದರೂ ಭಾಗಕ್ಕೆ ರಕ್ತ ಸಾಲದೆ ಹೊಸ ತೊಂದರೆ ಕಾಣಿಸಿಕೊಳ್ಳುತ್ತದೆ. ಐದನೆಯ ದಿನ ಮಾತಾಡಿಕೊಂಡಿದ್ದವರು ಎಂಟನೆಯ ದಿನ ಮಂಕಾಗುವುದು ಹೀಗೆ. ಮೊದಲ ದಿನದ ಅಂದಾಜು ಎಷ್ಟೇ ಜಾಣತನದ್ದಾದರೂ, ಇನ್ನೂ ನಡೆಯದ ಈ ಘಟನೆಗಳನ್ನು ಅದು ಸಂಭವದ ಲೆಕ್ಕದಲ್ಲಷ್ಟೇ ಹಿಡಿಯಬಲ್ಲದು.

ಇಷ್ಟಾದರೂ ಮೊದಲ ದಿನದ ಒಂದು ಸಂಗತಿ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ: ರೋಗಿಗೆ ಎಷ್ಟು ಎಚ್ಚರವಿದೆ ಎಂಬುದು. 1968ರಲ್ಲಿ ಅಮೆರಿಕದ ಓಹಾಯೊದ ವಿಲಿಯಂ ಹಂಟ್ ಮತ್ತು ರಾಬರ್ಟ್ ಹೆಸ್ 275 ರೋಗಿಗಳ ಅನುಭವದಿಂದ ಐದು ದರ್ಜೆಗಳ ಅಳತೆಗೋಲೊಂದನ್ನು ಮುಂದಿಟ್ಟರು. ತುಸು ತಲೆನೋವಷ್ಟೇ ಇದ್ದರೆ ಒಂದನೆಯ ದರ್ಜೆ, ಆಳವಾದ ಕೋಮಾ ಆದರೆ ಐದನೆಯದು. ಅವರ ಪ್ರಶ್ನೆ ರೋಗಿಯ ಭವಿಷ್ಯವಲ್ಲ, ಶಸ್ತ್ರಚಿಕಿತ್ಸೆ ಈಗಲೇ ಮಾಡಬೇಕೆ, ಕಾಯಬೇಕೆ ಎಂಬುದು. ಆದರೂ ಆ ಕೋಲು ಇವತ್ತಿಗೂ ಭವಿಷ್ಯ ಅಳೆಯಲು ಬಳಕೆಯಲ್ಲಿದೆ. ಅದರಲ್ಲಿ 'ಮಂಪರು', 'ಗೊಂದಲ' ಎಂಬಂಥ ಪದಗಳಿದ್ದು, ಒಬ್ಬ ವೈದ್ಯರ ಮಂಪರು ಇನ್ನೊಬ್ಬರಿಗೆ ಗೊಂದಲವಾಗಿ ಕಾಣಬಹುದು. ನರಶಸ್ತ್ರಚಿಕಿತ್ಸಕರ ವಿಶ್ವ ಒಕ್ಕೂಟ 1988ರಲ್ಲಿ ತನ್ನದೇ ಅಳತೆಗೋಲು ತಂದು ಈ ಅಸ್ಪಷ್ಟತೆ ತಗ್ಗಿಸಿತು. ಕಣ್ಣು, ಮಾತು, ಕೈಕಾಲಿನ ಪ್ರತಿಕ್ರಿಯೆಗಳಿಗೆ ಅಂಕ ಕೊಡುವ 1974ರ ಗ್ಲಾಸ್ಗೋ ಕೋಮಾ ಮಾಪಕವೇ ಅದಕ್ಕೆ ಆಧಾರ: 15 ಅಂಕ ಬಂದರೆ ಒಂದನೆಯ ದರ್ಜೆ; 13 ಅಥವಾ 14 ಬಂದರೆ, ಕೈಕಾಲಿನ ಬಲ ಕುಂದಿಲ್ಲದಿದ್ದರೆ ಎರಡು, ಕುಂದಿದ್ದರೆ ಮೂರು; 7ರಿಂದ 12 ನಾಲ್ಕು; 3ರಿಂದ 6 ಐದು.

ಅಳತೆಗೋಲಿಗಿಂತ ಅಳೆಯುವ ಹೊತ್ತು ಮುಖ್ಯ ಎಂಬುದು ಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಜಾಗ ಅದಕ್ಕೆ ಸಲ್ಲಬೇಕು. ರಕ್ತ ಹೆಪ್ಪುಗಟ್ಟಿ ಮೆದುಳಿನ ನೀರಿನ ಹಾದಿ ಕಟ್ಟಿಕೊಂಡರೆ ಒಳಗೆ ನೀರು ತುಂಬಿ ರೋಗಿ ಕೋಮಾಕ್ಕೆ ಜಾರಬಹುದು. ಫಿಟ್ಸ್ ಬಂದುಹೋದ ಮೇಲಿನ ಮಂಪರೂ ಕೋಮಾದಂತೆಯೇ ಕಾಣುತ್ತದೆ, ಉಸಿರಾಟದ ಕೊಳವೆ ಹಾಕಲು ಕೊಟ್ಟ ಮತ್ತಿನ ಔಷಧವೂ ಹಾಗೆಯೇ. ಬಾಗಿಲಲ್ಲಿ ಐದನೆಯ ದರ್ಜೆ ಎಂದು ಬರೆಸಿಕೊಂಡವರು, ಮೆದುಳಿನೊಳಗಿನ ನೀರಿನ ಕುಹರಕ್ಕೆ ನಳಿಕೆ ಇಳಿಸಿ ನೀರು ಹೊರಬಿಟ್ಟ ಮೇಲೆ ಕಣ್ಣು ತೆರೆದು ಹೇಳಿದಂತೆ ಕೈ ಎತ್ತುವುದುಂಟು. ಆದ್ದರಿಂದಲೇ ತುರ್ತು ಚಿಕಿತ್ಸೆಯಾದ ನಂತರ ಕಂಡ ದರ್ಜೆ, ಬಂದಾಗಿನ ದರ್ಜೆಗಿಂತ ನಂಬಲರ್ಹ.

ಎರಡನೆಯ ಸಾಕ್ಷಿ ಸ್ಕ್ಯಾನ್. 1980ರಲ್ಲಿ ಮಿಲ್ಲರ್ ಫಿಶರ್ ಮತ್ತು ಸಂಗಡಿಗರು ಕೇವಲ 47 ರೋಗಿಗಳ ಸಿ.ಟಿ. ಚಿತ್ರ ನೋಡಿ, ಚೆಲ್ಲಿದ ರಕ್ತದ ಪದರ ದಪ್ಪವಿದ್ದಷ್ಟೂ ಮುಂದೆ ಅಪಧಮನಿ ಸೆಟೆಯುವ ಸಾಧ್ಯತೆ ಹೆಚ್ಚು ಎಂದು ತೋರಿಸಿದರು. ಅಷ್ಟು ಚಿಕ್ಕ ಅಧ್ಯಯನ ಇಷ್ಟು ಕಾಲ ಬಾಳಿದ್ದು ಅಚ್ಚರಿಯೇ. ಕುಹರಗಳೊಳಗೆ ಸೇರಿದ ರಕ್ತದ ತೂಕವನ್ನು ಅದು ಸರಿಯಾಗಿ ಹಿಡಿಯದ ಕಾರಣ ನಂತರ ತಿದ್ದಿದ ರೂಪ ಬಂತು, ಈಗ ಹೆಚ್ಚು ನಡೆಯುವುದು ಅದೇ. ಇದೂ ಸಾವುಬದುಕಿನ ಲೆಕ್ಕಕ್ಕಾಗಿ ಹುಟ್ಟಿದ್ದಲ್ಲ.

ಇವನ್ನೆಲ್ಲ ಒಂದೇ ಅಂಕಕ್ಕೆ ಇಳಿಸುವ ಪ್ರಯತ್ನಗಳು ಹಲವು. 2014ರ ಹೇರ್ ಅಂಕ ಹಂಟ್–ಹೆಸ್ ದರ್ಜೆ, ವಯಸ್ಸು, ಕುಹರದೊಳಗಿನ ರಕ್ತ, 24 ಗಂಟೆಯೊಳಗಿನ ಮರುಸ್ರಾವ ಈ ನಾಲ್ಕನ್ನು ಕೂಡಿಸಿ, ಆಸ್ಪತ್ರೆಯಲ್ಲೇ ಸಾಯುವ ಸಾಧ್ಯತೆ ಹೇಳುತ್ತದೆ. ಮರುವರ್ಷದ ವ್ಯಾಸೊಗ್ರೇಡ್ ಹಸಿರು, ಹಳದಿ, ಕೆಂಪು ಎಂದು ಸಿಗ್ನಲ್ ದೀಪದಂತೆ ವಿಂಗಡಿಸುತ್ತದೆ. ಯಾರನ್ನು ಎರಡು ವಾರ ಕಣ್ಣಿಟ್ಟು ಕಾಯಬೇಕೆಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಇವೆಲ್ಲಕ್ಕಿಂತ ವಿಸ್ತಾರವಾದದ್ದು ಹಲವು ದೇಶಗಳ ಸಂಶೋಧಕರು 10,000ಕ್ಕೂ ಹೆಚ್ಚು ರೋಗಿಗಳ ದಾಖಲೆ ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಸಾಹಿಟ್ ಮಾದರಿ. ಅದರ ತಿರುಳು ಮೂರೇ ಅಂಶ: ವಯಸ್ಸು, ಮೊದಲಿನಿಂದ ಇದ್ದ ಬಿ.ಪಿ., ವಿಶ್ವ ಒಕ್ಕೂಟದ ದರ್ಜೆ. ಉಬ್ಬಿನ ಗಾತ್ರ, ಜಾಗ, ಸ್ಕ್ಯಾನಿನ ರಕ್ತ, ಚಿಕಿತ್ಸೆಯ ವಿಧಾನ ಇವನ್ನೆಲ್ಲ ಸೇರಿಸಿದರೂ ನಿಖರತೆ ಹೆಚ್ಚೇನೂ ಏರಲಿಲ್ಲ. ಅದರ ವಿವೇಚನಾ ಅಂಕ 0.8ರ ಆಸುಪಾಸು. ಅಂದರೆ ಚೇತರಿಸಿಕೊಂಡ ಒಬ್ಬರನ್ನೂ ಚೇತರಿಸಿಕೊಳ್ಳದ ಒಬ್ಬರನ್ನೂ ಜೋಡಿಯಾಗಿ ಮುಂದಿಟ್ಟರೆ, ಹತ್ತರಲ್ಲಿ ಎಂಟು ಸಲ ಮಾದರಿ ಎರಡನೆಯವರಿಗೇ ಹೆಚ್ಚು ಅಪಾಯ ತೋರಿಸುತ್ತದೆ. ಸಂಶೋಧನೆಗೆ ಇದು ಒಳ್ಳೆಯ ಅಂಕ. ಆದರೆ ಇದನ್ನೇ ನೆಚ್ಚಿ ವೆಂಟಿಲೇಟರ್ ತೆಗೆಯಲು ಹೊರಟರೆ ಸಾಲದು.

ಇಲ್ಲೊಂದು ಸುಳಿಯೂ ಇದೆ. ಐದನೆಯ ದರ್ಜೆಯವರು ಉಳಿಯುವುದಿಲ್ಲ ಎಂದು ನಂಬಿದ ಕಡೆ ಅವರ ಉಬ್ಬನ್ನು ಮುಚ್ಚಲು ಯಾರೂ ಆತುರಪಡುವುದಿಲ್ಲ, ಬೇಗನೆ ಕೈಚೆಲ್ಲುತ್ತಾರೆ. ರೋಗಿ ಸಾಯುತ್ತಾರೆ, ಆ ಸಾವು ದಾಖಲೆಗೆ ಸೇರುತ್ತದೆ, ಮುಂದಿನ ಮಾದರಿ ಆ ದಾಖಲೆಯಿಂದಲೇ ಪಾಠ ಕಲಿಯುತ್ತದೆ. ಭವಿಷ್ಯ ನುಡಿದವರೇ ಅದನ್ನು ನಿಜ ಮಾಡಿದಂತಾಯಿತು. ಕೆಟ್ಟ ದರ್ಜೆಯವರಿಗೂ ತ್ವರಿತವಾಗಿ ಪೂರ್ಣ ಚಿಕಿತ್ಸೆ ಕೊಟ್ಟ ಕೇಂದ್ರಗಳಲ್ಲಿ ಅವರಲ್ಲೊಂದು ಗಮನಾರ್ಹ ಪಾಲು ಸ್ವಂತ ಬಲದಲ್ಲಿ ಬದುಕುವಷ್ಟು ಸುಧಾರಿಸಿದ್ದಾರೆ.

ಚಿಕಿತ್ಸೆಯೂ ಲೆಕ್ಕ ಬದಲಿಸುತ್ತದೆ. 1989ರಲ್ಲಿ ಬ್ರಿಟನ್ನಿನಲ್ಲಿ 554 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಿಮೋಡಿಪಿನ್ ಮಾತ್ರೆಯನ್ನು 21 ದಿನ ನಾಲ್ಕು ಗಂಟೆಗೊಮ್ಮೆ ಕೊಟ್ಟಾಗ ಕೆಟ್ಟ ಫಲಿತಾಂಶ 33%ರಿಂದ 20%ಕ್ಕೆ ಇಳಿಯಿತು. ಮುಂದೆ ಕ್ಲಾಜೊಸೆಂಟಾನ್ ಎಂಬ ಔಷಧ ಅಪಧಮನಿಯ ಸೆಟೆತವನ್ನು ಚೆನ್ನಾಗಿಯೇ ತಗ್ಗಿಸಿದರೂ ಅಂತರರಾಷ್ಟ್ರೀಯ ಪ್ರಯೋಗಗಳಲ್ಲಿ ರೋಗಿಗಳ ಅಂತಿಮ ಸ್ಥಿತಿ ಅದೇ ಪ್ರಮಾಣದಲ್ಲಿ ಸುಧಾರಿಸಲಿಲ್ಲ. ಸೆಟೆತವೊಂದೇ ಎಲ್ಲಕ್ಕೂ ಕಾರಣ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಉಬ್ಬಿನ ಕತ್ತಿಗೆ ಕ್ಲಿಪ್ ಹಾಕುವುದೋ, ತೊಡೆಯ ರಕ್ತನಾಳದ ಮೂಲಕ ಹೋಗಿ ಕಾಯಿಲ್ ಎಂಬ ಲೋಹದ ಸುರುಳಿ ತುಂಬುವುದೋ ಎಂಬುದನ್ನು 2002ರ ಐಸ್ಯಾಟ್ ಪ್ರಯೋಗ 2,143 ರೋಗಿಗಳಲ್ಲಿ ಹೋಲಿಸಿತು. ಒಂದು ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಯಾದವರು ಕಾಯಿಲ್ ಗುಂಪಿನಲ್ಲಿ 23.7%, ಕ್ಲಿಪ್ ಗುಂಪಿನಲ್ಲಿ 30.6%. ಭಾಗವಹಿಸಿದವರಲ್ಲಿ ಹೆಚ್ಚಿನವರು ಒಳ್ಳೆಯ ದರ್ಜೆಯವರಾಗಿದ್ದರಿಂದ ಕೋಮಾದ ರೋಗಿಗೆ ಈ ಅಂಕಿಯನ್ನು ಹಾಗೇ ಅನ್ವಯಿಸಲಾಗದು.

ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಕೇಂದ್ರಗಳಿಗೆ ದೂರದ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಕೆಲವು ದಿನ ತಡವಾಗಿ ತಲುಪಿದವರು ಮರುಸ್ರಾವದ ಅತಿ ಅಪಾಯದ ಗಂಟೆಗಳನ್ನು ಆಗಲೇ ದಾಟಿರುತ್ತಾರೆ. ದಾಟದವರು ದಾರಿಯಲ್ಲೋ ಊರಿನಲ್ಲೋ ಸತ್ತಿರುತ್ತಾರೆ. ಇಂಥ ಆಸ್ಪತ್ರೆಯ ದಾಖಲೆಯಷ್ಟನ್ನೇ ನೋಡಿದರೆ ತಡವಾಗಿ ಬಂದದ್ದೇ ಒಳ್ಳೆಯದಾಯಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ಊರಿನ ಕ್ಲಿನಿಕ್‌ನಲ್ಲಿ ಮೊದಲ ತಲೆನೋವನ್ನು ಅರೆತಲೆನೋವೆಂದೋ ಗ್ಯಾಸ್ಟ್ರಿಕ್ ಎಂದೋ ತಿಳಿದು ಕಳುಹಿಸಿದ ಪ್ರಸಂಗಗಳು ಆ ದಾಖಲೆಯಲ್ಲಿ ಕಾಣುವುದೂ ಇಲ್ಲ.

ಒಳ್ಳೆಯ ಫಲಿತಾಂಶ ಎಂದರೇನು ಎಂಬುದೇ ಕೊನೆಗೆ ಉಳಿಯುವ ತಕರಾರು. ಬಹುತೇಕ ಅಧ್ಯಯನಗಳು ರ‍್ಯಾಂಕಿನ್ ಮಾಪಕ ಬಳಸುತ್ತವೆ: ಏನೂ ತೊಂದರೆಯಿಲ್ಲದಿದ್ದರೆ 0, ಸಾವು 6. ಇನ್ನೊಬ್ಬರ ನೆರವಿಲ್ಲದೆ ತಮ್ಮ ಕೆಲಸ ತಾವು ನೋಡಿಕೊಂಡರೆ 2, ಅದು 'ಒಳ್ಳೆಯದು'. ಆದರೆ ಹಾಗೆ ಮನೆಗೆ ಹೋದ ಎಷ್ಟೋ ಮಂದಿಗೆ ನೆನಪು ಜಾರುತ್ತದೆ, ಸಂಜೆಯೊಳಗೆ ಸುಸ್ತು ಕವಿಯುತ್ತದೆ, ಅಂಗಡಿ ಲೆಕ್ಕ ತಪ್ಪುತ್ತದೆ, ಮನಸ್ಸು ಕುಗ್ಗುತ್ತದೆ. ಹಳೆಯ ಕೆಲಸಕ್ಕೆ ಮರಳಲಾಗುವುದಿಲ್ಲ. ಮೂರು ತಿಂಗಳಲ್ಲಿ ಅಳೆದ ಸ್ಥಿತಿಯೇ ಕೊನೆಯದಲ್ಲ, ಒಂದು ವರ್ಷದ ನಂತರವೂ ಸುಧಾರಣೆ ನಡೆದಿರುತ್ತದೆ. ಈ ಬಗೆಯ ಕುಂದನ್ನು ಹಿಡಿಯಲು ಬೇರೆಯೇ ಪರೀಕ್ಷೆ ಬೇಕು, ಅದೂ ರೋಗಿಯ ಭಾಷೆ, ಓದಿನ ಮಟ್ಟಕ್ಕೆ ಹೊಂದಬೇಕು. ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ಶಿಕ್ಷಣಕ್ಕೆ ತಕ್ಕಂತೆ ಬೇರೆಬೇರೆ ಮಾನದಂಡಗಳಿವೆ. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯನ್ನು ಪದವೀಧರರ ಅಂಕದೊಂದಿಗೆ ಹೋಲಿಸಿ ಆಕೆಯ ಮೆದುಳಿಗೆ ಹಾನಿಯಾಗಿದೆ ಎಂದು ಬರೆಯುವ ತಪ್ಪನ್ನು ಅದು ತಪ್ಪಿಸುತ್ತದೆ.