ಎರಡು ದಡ, ಒಂದು ಹೊಳೆ: ಜಲಚರ ರಕ್ಷಣೆಯ ಕಾನೂನು ಬೇರಿಂಗ್ ಸಮುದ್ರದಲ್ಲಿ, ತುಂಗಭದ್ರೆಯಲ್ಲಿ

ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಮಂಡಲದ ಉತ್ತರಕ್ಕೆ ತುಂಗಭದ್ರೆ ಹರಿಯುತ್ತದೆ. ಈಚೆ ದಡ ಆಂಧ್ರಪ್ರದೇಶ, ಆಚೆ ದಡ ತೆಲಂಗಾಣ. ಹೊಳೆಯಗುಂಟ ಮೇಲಕ್ಕೆ ಮಂತ್ರಾಲಯದವರೆಗೆ ಹೋದರೆ ಎದುರು ದಡ ಕರ್ನಾಟಕದ ರಾಯಚೂರು ಜಿಲ್ಲೆಯದು. ಮಳೆಗಾಲದ ಹೊಸ ನೀರಿಗೆ ಎದುರಾಗಿ ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಮೀನು, ಒಂದು ಹಂಗಾಮಿನಲ್ಲೇ ಮೂರು ಸರ್ಕಾರಗಳ ಕಾನೂನಿನೊಳಗೆ ಈಜಬಹುದು. ಧ್ರುವ ಸಮುದ್ರಗಳಲ್ಲಿ ಸೀಲ್, ತಿಮಿಂಗಿಲಗಳನ್ನು ಕಾಯಲು ಹೊರಟ ಸರ್ಕಾರಗಳು ಎಡವಿದ್ದು ಇದೇ ಕಲ್ಲಿಗೆ: ಪ್ರಾಣಿ ಚಲಿಸುತ್ತದೆ, ಕಾನೂನು ಗಡಿಯಲ್ಲಿ ನಿಲ್ಲುತ್ತದೆ. ಈ ಎರಡು ಚರಿತ್ರೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಈ ಲೇಖನದ ಉದ್ದೇಶ.

ಹಳೆಯ ಸಾಕ್ಷಿಯಿಂದ ಆರಂಭಿಸುತ್ತೇನೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಹದಿನಾಲ್ಕು ಬಂಡೆ ಶಾಸನಗಳಿವೆ. ಅವುಗಳಲ್ಲಿ ಮೊದಲನೆಯದು ಅರಮನೆಯ ಅಡುಗೆಮನೆಗಾಗಿ ನಡೆಯುತ್ತಿದ್ದ ಪ್ರಾಣಿವಧೆಯನ್ನು ತಗ್ಗಿಸಿದ್ದನ್ನು ಹೇಳುತ್ತದೆ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು ಉತ್ತರ ಭಾರತದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನ. ವರ್ಷದ ಕೆಲವು ದಿನಗಳಲ್ಲಿ ಮೀನನ್ನು ಕೊಲ್ಲಬಾರದು ಎಂದಷ್ಟೇ ಹೇಳಿ ಅದು ನಿಲ್ಲಿಸುವುದಿಲ್ಲ, ಮಾರಲೂಬಾರದು ಎನ್ನುತ್ತದೆ. ಈ ಎರಡನೆಯ ಮಾತು ನನಗೆ ಬಹಳ ಮುಖ್ಯ. ನೀರಿನೊಳಗೆ ಯಾರು ಏನು ಮಾಡಿದರೆಂದು ಕಾಯುವುದು ಕಷ್ಟ, ಸಂತೆಯನ್ನು ಕಾಯುವುದು ಸುಲಭ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಯಾರೋ ಅಧಿಕಾರಿಗೆ ಇದು ತಿಳಿದಿತ್ತು.

ಈಗ ಬೇರಿಂಗ್ ಸಮುದ್ರಕ್ಕೆ ಹೋಗೋಣ. 1867ರಲ್ಲಿ ಅಮೆರಿಕ ರಷ್ಯಾದಿಂದ ಅಲಾಸ್ಕವನ್ನು ಕೊಂಡಾಗ, ತುಪ್ಪಳದ ಸೀಲ್‌ಗಳು ಮರಿ ಹಾಕಲು ಬರುವ ಪ್ರಿಬಿಲೋಫ್ ದ್ವೀಪಗಳೂ ಅದರ ಕೈಸೇರಿದವು. ದ್ವೀಪದ ಮೇಲೆ ಎಷ್ಟು ಕೊಲ್ಲಬೇಕೆಂಬ ಲೆಕ್ಕವನ್ನು ಅಮೆರಿಕ ಇಡಬಹುದಿತ್ತು. ಆದರೆ ಮೇವಿಗಾಗಿ ದೂರದ ಕಡಲಿಗೆ ಹೋದ ತಾಯಿಸೀಲ್‌ಗಳನ್ನು ಕೆನಡಾದ ಹಾಯಿಹಡಗುಗಳು ಬೇಟೆಯಾಡುತ್ತಿದ್ದವು. ತಾಯಿ ಸತ್ತರೆ ದಡದಲ್ಲಿ ಮರಿ ಹಸಿದು ಸಾಯುತ್ತಿತ್ತು. 1886ರಲ್ಲಿ ಅಮೆರಿಕದ ಕಾವಲು ಹಡಗು 'ಕಾರ್ವಿನ್' ದಡದಿಂದ ಬಹುದೂರದ ನೀರಿನಲ್ಲಿ ಅಂಥ ಮೂರು ಹಡಗುಗಳನ್ನು ಹಿಡಿಯಿತು. ಕೆನಡಾದ ಪರವಾಗಿ ಬ್ರಿಟನ್ ಪ್ರತಿಭಟಿಸಿತು. 1893ರಲ್ಲಿ ಪ್ಯಾರಿಸ್‌ನ ಪಂಚಾಯಿತಿ ಮಂಡಳಿ ಅಮೆರಿಕದ ವಿರುದ್ಧ ತೀರ್ಪು ಕೊಟ್ಟಿತು: ಮೂರು ಮೈಲಿಯಾಚೆಯ ಕಡಲು ಯಾರ ಸ್ವತ್ತೂ ಅಲ್ಲ, ಅಲ್ಲಿನ ಸೀಲ್ ಅಮೆರಿಕದ್ದೂ ಅಲ್ಲ. ಅದೇ ಮಂಡಳಿ ದ್ವೀಪಗಳ ಸುತ್ತ ಅರವತ್ತು ಮೈಲಿಯೊಳಗೆ ಬೇಟೆಯನ್ನು ನಿಷೇಧಿಸಿತು. ಮೇ 1ರಿಂದ ಜುಲೈ 31ರವರೆಗೆ ಬೇಟೆಗೆ ರಜೆಯನ್ನೂ ವಿಧಿಸಿತು. ಆದರೆ ಆ ತೀರ್ಪು ಕಟ್ಟಿಹಾಕಿದ್ದು ಅಮೆರಿಕ, ಬ್ರಿಟನ್‌ಗಳನ್ನು ಮಾತ್ರ. ಜಪಾನಿನ ಹಡಗುಗಳು ಅದಕ್ಕೆ ಒಳಪಟ್ಟಿರಲಿಲ್ಲ. ಸೀಲ್‌ಗಳ ಸಂಖ್ಯೆ ಕುಸಿಯುತ್ತಲೇ ಹೋಯಿತು.

ದಾರಿ ತೆರೆದದ್ದು 1911ರ ಜುಲೈ 7ರಂದು. ಅಮೆರಿಕ, ಬ್ರಿಟನ್, ಜಪಾನ್, ರಷ್ಯಾ ನಾಲ್ಕೂ ಸಹಿ ಹಾಕಿದ ಆ ಒಪ್ಪಂದ ನಡುಗಡಲಿನ ಸೀಲ್ ಬೇಟೆಯನ್ನು ನಿಲ್ಲಿಸಿತು. ಅದನ್ನು ನಾಲ್ಕು ಕಾರಣಕ್ಕೆ ಎಚ್ಚರದಿಂದ ಓದಬೇಕು. ಬೇಟೆ ಬಿಟ್ಟವರಿಗೆ ಪಾಲು ಸಿಕ್ಕಿತು: ಅಮೆರಿಕ ತನ್ನ ದ್ವೀಪಗಳಲ್ಲಿ ಪಡೆದ ಚರ್ಮದಲ್ಲಿ ಶೇಕಡಾ 15ರಷ್ಟನ್ನು ಕೆನಡಾಕ್ಕೂ ಅಷ್ಟೇ ಪಾಲನ್ನು ಜಪಾನಿಗೂ ಕೊಡಬೇಕಿತ್ತು. ಕಳ್ಳಚರ್ಮಕ್ಕೆ ಬಂದರಿನಲ್ಲೇ ಬಾಗಿಲು ಮುಚ್ಚಿತು. ಬಂದೂಕಿಲ್ಲದೆ ತಮ್ಮ ಸಣ್ಣ ದೋಣಿಗಳಲ್ಲಿ ಬೇಟೆಯಾಡುವ ಅಲ್ಯೂಟ್, ಐನು ಮುಂತಾದ ಮೂಲನಿವಾಸಿಗಳಿಗೆ ವಿನಾಯಿತಿ ದೊರೆಯಿತು. ಇನ್ನೊಂದು ವಿಧಿ ಕಡಲ ನೀರುನಾಯಿಯನ್ನೂ ರಕ್ಷಣೆಯೊಳಗೆ ತಂದಿತು. ಹಿಡಿಯುವ ಹಡಗುಗಳನ್ನು ಹೆಚ್ಚಿಸಿ ಸಾಧಿಸಲಾಗದ್ದನ್ನು ಪಾಲು, ಬಂದರು, ವಿನಾಯಿತಿ ಸಾಧಿಸಿದವು. ಸೀಲ್‌ಗಳು ಚೇತರಿಸಿಕೊಂಡವು.

ದಕ್ಷಿಣ ಧ್ರುವದ ಕಡೆಯ ಅನುಭವವೂ ಇದನ್ನೇ ಹೇಳುತ್ತದೆ. 2003ರಲ್ಲಿ ಆಸ್ಟ್ರೇಲಿಯದ ಕಾವಲು ಹಡಗು ಹರ್ಡ್ ದ್ವೀಪದ ಬಳಿಯಿಂದ 'ವಿಯಾರ್ಸಾ 1' ಎಂಬ ಹಡಗನ್ನು ಮಂಜುಗಡ್ಡೆಗಳ ನಡುವೆ 21 ದಿನ, ಸುಮಾರು 3,900 ನಾಟಿಕಲ್ ಮೈಲಿ ಬೆನ್ನಟ್ಟಿ ಹಿಡಿಯಿತು. ಹೊಟ್ಟೆಯಲ್ಲಿ ಟನ್‌ಗಟ್ಟಲೆ ಟೂತ್‌ಫಿಶ್ ಮೀನಿತ್ತು. 2005ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಆ ಮೀನನ್ನು ಆಸ್ಟ್ರೇಲಿಯದ ನೀರಿನಲ್ಲೇ ಹಿಡಿದದ್ದೆಂಬುದು ಸಂಶಯಾತೀತವಾಗಿ ರುಜುವಾಗಲಿಲ್ಲ. ನೀರಿನ ಮೇಲೆ ಹೆಜ್ಜೆಗುರುತು ಉಳಿಯುವುದಿಲ್ಲವಲ್ಲ. ಅಂಟಾರ್ಕ್ಟಿಕ ಸಾಗರಜೀವಿಗಳ ರಕ್ಷಣೆಗಾಗಿ 1980ರಲ್ಲಿ ಆದ ಒಪ್ಪಂದದ ದೇಶಗಳು 2000ದಿಂದ ಪ್ರತಿ ಟೂತ್‌ಫಿಶ್ ಸರಕಿಗೂ ಹುಟ್ಟಿನ ದಾಖಲೆ ಕೇಳತೊಡಗಿದ್ದು ಇಂಥ ಕಷ್ಟವನ್ನು ಕಂಡೇ. ಭಾರತವೂ ಆ ಒಪ್ಪಂದದ ಆಯೋಗದ ಸದಸ್ಯ. ನಮ್ಮ ಸಂಸತ್ತು 2022ರಲ್ಲಿ ಅಂಗೀಕರಿಸಿದ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ ಅಲ್ಲಿನ ಹಕ್ಕಿ, ಸೀಲ್‌ಗಳನ್ನು ಕೊಲ್ಲುವುದನ್ನೂ ಅನುಮತಿಯಿಲ್ಲದೆ ಯಾತ್ರೆ ಹೋಗುವುದನ್ನೂ ನಿಷೇಧಿಸುತ್ತದೆ. ಅಷ್ಟು ದೂರದ ಹಿಮದ ಮೇಲೆ ಪೊಲೀಸರನ್ನು ನಿಲ್ಲಿಸಲಾಗದು, ಹೊರಡುವ ಮುಂಚೆಯೇ ಕೇಳುವ ಅನುಮತಿಪತ್ರವೇ ಅದರ ಹಿಡಿತ. ಕಡಲಿಗಿಂತ ಸಂತೆಯನ್ನು ಕಾಯುವುದು ಸುಲಭ ಎಂಬುದಕ್ಕೆ ಇನ್ನೊಂದು ಸಾಕ್ಷಿ: ತಿಮಿಂಗಿಲದ ಹೊಟ್ಟೆಯಿಂದ ಬರುವ ಅಂಬರ್‌ಗ್ರಿಸ್ ಎಂಬ ನಿಷೇಧಿತ ಸರಕನ್ನು ಮಾರಲು ಹೊರಟವರು 2021ರಲ್ಲಿ ಸಿಕ್ಕಿಬಿದ್ದದ್ದು ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ.

ಇನ್ನು ತುಂಗಭದ್ರೆ. ಬ್ರಿಟಿಷರ ಕಾಲದಲ್ಲಿ ಬೆಳಗಲ್‌ನ ದಡ ಮದ್ರಾಸ್ ಪ್ರಾಂತದ್ದು, ಎದುರು ದಡ ಹೈದರಾಬಾದ್ ನಿಜಾಮರದ್ದು. ಮೀನಿನ ರಕ್ಷಣೆಯ ಮಾತು ಮದ್ರಾಸಿನಲ್ಲಿ ಬೇಗ ಎದ್ದಿತು. ದಕ್ಷಿಣ ಕನ್ನಡದಲ್ಲಿದ್ದ ಅಧಿಕಾರಿ ಎಚ್.ಎಸ್. ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನುಗಳ ಬಗ್ಗೆ ವರದಿ ಬರೆದರು. 1873ರಲ್ಲಿ ಫ್ರಾನ್ಸಿಸ್ ಡೇ ಇಡೀ ದೇಶದ ಸಿಹಿನೀರಿನ ಮೀನುಗಾರಿಕೆಯ ವರದಿ ಕೊಟ್ಟರು. ಮರಿಮೀನನ್ನೂ ಬಿಡದ ಸಣ್ಣ ಕಣ್ಣಿನ ಬಲೆ, ಮೀನು ಹತ್ತಲಾರದ ಅಣೆಕಟ್ಟು ಇವೆರಡರ ಮೇಲೂ ಡೇ ಬೆರಳಿಟ್ಟರು. ಅಷ್ಟರಲ್ಲಿ ಕರ್ನೂಲು–ಕಡಪ ಕಾಲುವೆಗಾಗಿ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಅಣೆ ಎದ್ದಾಗಿತ್ತು.

ಕೊನೆಗೆ ಬಂದದ್ದು 1897ರ ಭಾರತೀಯ ಮೀನುಗಾರಿಕಾ ಕಾಯ್ದೆ. ನೀರಿಗೆ ತೋಟೆ ಎಸೆದು ಮೀನು ಕೊಲ್ಲುವುದು, ವಿಷವನ್ನೋ ಸುಣ್ಣವನ್ನೋ ಕದಡುವುದು ಅಪರಾಧವಾಯಿತು. ಶಿಕ್ಷೆ ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಬಲೆಯ ಕಣ್ಣಿನ ಅಳತೆಗೆ ನಿಯಮ ಮಾಡುವ ಅಧಿಕಾರವೂ ಪ್ರಾಂತ ಸರ್ಕಾರಕ್ಕೆ ಬಂತು. ಆದರೆ ಸಂಸ್ಥಾನದ ದಡಕ್ಕೆ ಈ ಕಾಯ್ದೆ ದಾಟುತ್ತಿರಲಿಲ್ಲ. ಹರಿಗೋಲಿನಲ್ಲಿ ಅರ್ಧ ಗಳಿಗೆಯಲ್ಲಿ ದಾಟುವ ಹೊಳೆ ಕಾನೂನಿಗೆ ಬೇರಿಂಗ್ ಸಮುದ್ರದಷ್ಟೇ ಅಗಲವಾಗಿತ್ತು. ನೀರುನಾಯಿಗಂತೂ ಯಾವ ಆಸರೆಯೂ ಇರಲಿಲ್ಲ. 1912ರ ಕಾಡುಹಕ್ಕಿ, ಪ್ರಾಣಿಗಳ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಗಡಿಗಳು ಅಲುಗಾಡಿದ ರೀತಿಯನ್ನೂ ನೋಡಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಈ ಸೀಮೆಯ ಕನ್ನಡ ಮನೆಗಳಲ್ಲಿ ಆ ದಿನದ ನೋವು ಇನ್ನೂ ಆರಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೆಳಗಲ್‌ನ ದಡವೂ ಅದರ ಎದುರು ದಡವೂ ಒಂದೇ ಆಡಳಿತಕ್ಕೆ ಬಂದವು. ಒಂದೇ ಇಲಾಖೆ, ಒಂದೇ ನಿಯಮ ಸಾಧ್ಯವಿದ್ದ ಕಾಲ ಅದು. 2014ರ ಜೂನ್ 2ರಂದು ಹೊಳೆ ಮತ್ತೆ ಗಡಿಯಾಯಿತು.

ಸಂವಿಧಾನವೂ ಈ ಒಡಕನ್ನು ಬೇರೆ ರೀತಿಯಲ್ಲಿ ಕಾಪಾಡಿಕೊಂಡಿದೆ. ಕಾಡುಪ್ರಾಣಿಗಳ ರಕ್ಷಣೆ 1976ರ ತಿದ್ದುಪಡಿಯಿಂದ ಕೇಂದ್ರ, ರಾಜ್ಯಗಳೆರಡರ ವಿಷಯ. ಮೀನುಗಾರಿಕೆ ಮಾತ್ರ ರಾಜ್ಯದ್ದು. ಹೀಗಾಗಿ ಒಂದೇ ಮಡುವಿನಲ್ಲಿ ನೀರುನಾಯಿಗೆ ಅರಣ್ಯ ಇಲಾಖೆ, ಅದು ತಿನ್ನುವ ಮೀನಿಗೆ ಮೀನುಗಾರಿಕೆ ಇಲಾಖೆ. ಇಬ್ಬರೂ ಕೂತು ಮಾತಾಡದಿದ್ದರೆ ಎರಡೂ ಉಳಿಯುವುದಿಲ್ಲ. 2015ರಲ್ಲಿ ಕರ್ನಾಟಕ ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಇದು ನಿಜಕ್ಕೂ ದೊಡ್ಡ ಹೆಜ್ಜೆ. ವನ್ಯಜೀವಿ ರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಅಲ್ಲಿನ ನಯತುಪ್ಪಳದ ನೀರುನಾಯಿಯನ್ನು ಮೊದಲನೆಯ ಅನುಸೂಚಿಗೆ ಏರಿಸಿತು. ಆದರೂ ಮೀಸಲು ಕಂಪ್ಲಿಗೆ ಮುಗಿಯುತ್ತದೆ, ಹೊಳೆ ಮುಗಿಯುವುದಿಲ್ಲ.

ಇದೇ ನದಿಯ ಮೇಲ್ದಂಡೆಯಲ್ಲಿ ಇನ್ನೊಂದು ಬಗೆಯ ಕಾವಲಿದೆ. ಶೃಂಗೇರಿಯಲ್ಲಿ ಮಠದ ಮುಂದಿನ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿ ಕಾಯುವುದು ಜನರ ಕಣ್ಣು. ಆದರೆ ಭಕ್ತಿ ಒಂದೆರಡು ಮಡುಗಳನ್ನು ಉಳಿಸೀತು, ಇಡೀ ನದಿಯನ್ನಲ್ಲ. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ಕಾರ್ಖಾನೆಯ ಹೊಲಸು ನೀರಿಗೆ ಮೀನು ಸತ್ತಾಗ ಬೆಸ್ತರ ಪರ ನಿಂತು ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಡಬೇಕಾಯಿತು. 1897ರ ಕಾಯ್ದೆ ವಿಷ ಎಂದಾಗ ಊಹಿಸಿದ್ದು ಗಿಡದ ಕಾಯನ್ನೋ ಸುಣ್ಣವನ್ನೋ ಜಜ್ಜಿ ಕದಡುವ ಹಳ್ಳಿಗನನ್ನು, ಕಾರ್ಖಾನೆಯ ದೊಡ್ಡ ಕೊಳವೆಯನ್ನಲ್ಲ. ಶಿಕ್ಷೆಯ ಭಾರ ಯಾವಾಗಲೂ ಸಣ್ಣವನ ಕಡೆಗೇ ವಾಲುವುದು ಈ ಚರಿತ್ರೆಯ ಕೆಟ್ಟ ಭಾಗ. ಅಲ್ಯೂಟರ ದೋಣಿಗೆ 1911ರಲ್ಲಿ ಸಿಕ್ಕ ಮರ್ಯಾದೆ ನಮ್ಮ ಬೆಸ್ತರ ಹರಿಗೋಲಿಗೆ, ಬೀಸುಬಲೆಗೆ ಸಿಗಬೇಕು.

ಮೂರು ರಾಜ್ಯಗಳು ಸೇರಿ ನಡೆಯುವ ಮಾದರಿ ಹೊರಗಿನಿಂದ ಬರಬೇಕಾಗಿಲ್ಲ. 1953ರಿಂದ ತುಂಗಭದ್ರಾ ಮಂಡಳಿ ಒಂದೇ ಜಲಾಶಯದ ನೀರನ್ನು ರಾಜ್ಯಗಳಿಗೆ ಅಳೆದು ಹಂಚುತ್ತ ಬಂದಿದೆ. ನೀರಿಗೆ ಸಾಧ್ಯವಾದ ಒಪ್ಪಂದ ನೀರೊಳಗಿನ ಜೀವಕ್ಕೂ ಸಾಧ್ಯ. ಮೀನು ಮೊಟ್ಟೆಯಿಡುವ ಮುಂಗಾರಿನ ವಾರಗಳಲ್ಲಿ ಮೂರೂ ರಾಜ್ಯಗಳು ಒಂದೇ ತಾರೀಖಿಗೆ ಬಲೆಗೆ ರಜೆ ಸಾರಲಿ. ಆ ವಾರಗಳ ಕೂಲಿಯನ್ನು ಬೆಸ್ತರ ಮನೆಗೆ ಮುಟ್ಟಿಸಲಿ. ಬೆಳಗಲ್ ಕಡೆಯ ಸಂತೆಯಲ್ಲೂ ಎದುರು ದಡದ ಸಂತೆಯಲ್ಲೂ ಮೊಟ್ಟೆ ತುಂಬಿದ ಹೊಳೆಮೀನಿನ ಮಾರಾಟವನ್ನು ಒಂದೇ ದಿನ ನಿಲ್ಲಿಸಲಿ.