ಇಕ್ಕೇರಿ ಸೀಮೆಯ ಬೆಸುಗೆ: ಕುಲುಮೆ ಕಲಿಸಿದ್ದು, ಕರೆಂಟು ಕಲಿಸದ್ದು

ಸಾಗರದಿಂದ ಹೊಸನಗರಕ್ಕೋ ತೀರ್ಥಹಳ್ಳಿಗೋ ಹೋಗುವ ದಾರಿಯಲ್ಲಿ ಯಾವ ಪೇಟೆ ಸಿಕ್ಕರೂ ಅಲ್ಲೊಂದು ವೆಲ್ಡಿಂಗ್ ಶಾಪ್ ಇರುತ್ತದೆ. ಗೇಟು, ಗ್ರಿಲ್ಲು, ಟಿಲ್ಲರ್‌ನ ಟ್ರೈಲರು, ಅಡಿಕೆ ಅಂಗಳದ ಮೇಲಿನ ಶೀಟಿನ ಮಾಡು ಎಲ್ಲವೂ ಅಲ್ಲೇ ಆಗಬೇಕು. ಕೆಲಸ ಮಾಡುವ ಹುಡುಗನ ಕಾಲಲ್ಲಿ ಹವಾಯಿ ಚಪ್ಪಲಿ, ಕೈ ಬರಿದು, ಮುಖಕ್ಕೆ ಹಿಡಿಯಬೇಕಾದ ಕಪ್ಪು ಗಾಜಿನ ಗುರಾಣಿ ಎಲ್ಲೋ ಮೂಲೆಯಲ್ಲಿ. ಕಿಡಿ ಹೊತ್ತಿಸುವ ಗಳಿಗೆಯಲ್ಲಿ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡರೆ ಮುಗಿಯಿತು ಎಂಬ ನಂಬಿಕೆ. ನೋಡಿದವರು ಇದನ್ನು ಅಸಡ್ಡೆ ಎನ್ನುತ್ತಾರೆ, ಇನ್ನು ಕೆಲವರು ತಿಳಿವಳಿಕೆಯ ಕೊರತೆ ಎನ್ನುತ್ತಾರೆ. ಆದರೆ ಈ ಸೀಮೆಯಲ್ಲಿ ಕಬ್ಬಿಣದ ಕೆಲಸ ನಡೆದುಬಂದ ದಾರಿಯನ್ನು ಗಮನಿಸಿದರೆ ಎರಡು ಮಾತೂ ಪೂರ್ತಿ ನಿಲ್ಲುವುದಿಲ್ಲ. ಹಳೆಯ ಕಸುಬಿನೊಳಗೇ ಒಂದು ಸುರಕ್ಷತೆಯ ಪಾಠವಿತ್ತು. ಬೆಂಕಿಯ ಜಾಗಕ್ಕೆ ವಿದ್ಯುತ್ತು ಬಂದಾಗ ಆ ಪಾಠ ಕೆಲಸಕ್ಕೆ ಬಾರದೇ ಹೋಯಿತು. ಅದರ ಜಾಗ ತುಂಬಬೇಕಿದ್ದ ಕಾನೂನು ದೊಡ್ಡ ಕಾರ್ಖಾನೆಗಳ ಬಾಗಿಲಲ್ಲೇ ನಿಂತಿತು. ಇಂದು ರಸ್ತೆಬದಿಯಲ್ಲಿ ಕಾಣುತ್ತಿರುವುದು ಈ ಎರಡರ ನಡುವಿನ ಬಿರುಕು ಎಂಬುದು ನನ್ನ ವಾದ.

ಕೆಳದಿ ಅರಸರು ಇದೇ ಸೀಮೆಯ ಇಕ್ಕೇರಿಯನ್ನು ರಾಜಧಾನಿ ಮಾಡಿಕೊಂಡಿದ್ದ ಕಾಲದಿಂದ, 1639ರ ಸುಮಾರಿಗೆ ರಾಜಧಾನಿ ಬಿದನೂರಿಗೆ ಹೋದ ಮೇಲೂ, ಕುಲುಮೆಯಿಲ್ಲದೆ ಈ ನಾಡು ಒಂದು ದಿನ ನಡೆದದ್ದಿಲ್ಲ. ಸೈನ್ಯಕ್ಕೆ ಆಯುಧ ಬೇಕು, ಗದ್ದೆಗೆ ನೇಗಿಲ ಗುಳ ಬೇಕು, ತೋಟಕ್ಕೆ ಕತ್ತಿ ಬೇಕು, ಅಡಿಕೆ ಸುಲಿಯಲು ಮೆಟ್ಟುಗತ್ತಿ ಬೇಕು. ಊರ ಕಮ್ಮಾರನಿಗೆ ಸುಗ್ಗಿಯಲ್ಲಿ ಭತ್ತ ಅಳೆದುಕೊಡುವ ಆಯದ ವ್ಯವಸ್ಥೆ ಈ ಅಗತ್ಯದಿಂದಲೇ ಬೆಳೆದದ್ದು. ಅವನಿಗೂ ಬೆಸುಗೆ ಗೊತ್ತಿತ್ತು. ಎರಡು ತುಂಡು ಕಬ್ಬಿಣವನ್ನು ಇದ್ದಿಲ ಬೆಂಕಿಯಲ್ಲಿ ಬೆಳ್ಳಗೆ ಕಾಯಿಸಿ, ಕಿಟ್ಟ ಕಟ್ಟದಂತೆ ಮರಳು ಉದುರಿಸಿ, ಅಡಿಗಲ್ಲಿನ ಮೇಲಿಟ್ಟು ಸಮ್ಮಟಿಗೆಯಿಂದ ಬಡಿದು ಒಂದು ಮಾಡುತ್ತಿದ್ದ. ಇದರಲ್ಲಿ ಅಳತೆಯ ಉಪಕರಣ ಯಾವುದೂ ಇರಲಿಲ್ಲ, ಬಣ್ಣವೇ ಅಳತೆ. ಕೆಂಪು, ಕಿತ್ತಳೆ, ಹಳದಿ, ಬಿಳಿ ಎಂದು ಹದ ಗುರುತಿಸಲು ಹುಡುಗ ಮೊದಲು ವರ್ಷಗಟ್ಟಲೆ ತಿದಿ ಒತ್ತಬೇಕಿತ್ತು. ಕೈಗೆ ಸುತ್ತಿಗೆ ಬರುವ ಹೊತ್ತಿಗೆ ಎಲ್ಲಿ ನಿಲ್ಲಬೇಕು, ಕಿಡಿ ಯಾವ ಕಡೆ ಹಾರುತ್ತದೆ, ಇಕ್ಕುಳ ಎಷ್ಟು ಉದ್ದ ಇರಬೇಕು ಎಂಬುದೆಲ್ಲ ಮೈಗೆ ಹತ್ತಿರುತ್ತಿತ್ತು. ಕಸುಬು ಕಲಿಯುವುದೂ ಜೋಪಾನವಾಗಿರುವುದೂ ಅಲ್ಲಿ ಬೇರೆ ಬೇರೆಯಾಗಿರಲಿಲ್ಲ.

ಕುಲುಮೆಯನ್ನು ಇಷ್ಟು ಹೊಗಳುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಸುಟ್ಟ ಕೈ, ಕಣ್ಣಿಗೆ ಹಾರಿದ ಚೂರು, ಇದ್ದಿಲ ಹೊಗೆಯಲ್ಲಿ ಕಳೆದ ಆಯುಷ್ಯ ಇವೆಲ್ಲ ಅಲ್ಲೂ ಇದ್ದವು. ಕಾದ ಕಬ್ಬಿಣವನ್ನೂ ಕರಗಿದ ಗಾಜನ್ನೂ ದಶಕಗಟ್ಟಲೆ ದಿಟ್ಟಿಸಿದವರ ಕಣ್ಣಿಗೆ ಪೊರೆ ಬರುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಜಾತಿಯ ಗೋಡೆಯೊಳಗೆ ಮಾತ್ರ ಹರಿದ ವಿದ್ಯೆ ಅದು ಎಂಬುದನ್ನೂ ಮರೆಯಬಾರದು. ಕುಲುಮೆ ಸುರಕ್ಷಿತವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಬಹುಪಾಲು ಅಪಾಯಗಳು ಕೂಡಲೇ ತಿಳಿಯುತ್ತಿದ್ದವು ಎಂಬುದಷ್ಟೇ ನನ್ನ ಮಾತು. ಬಿಸಿ ತಾಗಿದರೆ ಕೈ ತಾನಾಗಿ ಹಿಂದೆ ಬರುತ್ತದೆ, ಹೊಗೆ ಹೆಚ್ಚಾದರೆ ಕೆಮ್ಮು ಬರುತ್ತದೆ. ತಪ್ಪಿಗೂ ನೋವಿಗೂ ನಡುವೆ ಅಂತರವಿಲ್ಲದಿದ್ದಾಗ ಅನುಭವವೇ ಸಾಕಷ್ಟು ಕಲಿಸುತ್ತದೆ.

ವಿದ್ಯುತ್ ಕಿಡಿ ಈ ಅಂತರವನ್ನು ತಂದಿತು. ಅದು ಕಸುಬಾಗುವ ಮೊದಲೇ ಅದರ ಹಾನಿ ದಾಖಲಾಗಿತ್ತು ಎಂಬುದು ಗಮನಿಸಬೇಕಾದ ವಿಷಯ. 1858ರಲ್ಲೇ ಪ್ಯಾರಿಸ್ಸಿನ ವೈದ್ಯ ಶಾರ್ಕೋ, ವಿದ್ಯುತ್ ಕಿಡಿಯೊಂದಿಗೆ ಪ್ರಯೋಗ ಮಾಡಿದ್ದ ಇಬ್ಬರ ಚರ್ಮ ಕೆಂಪಾಗಿ ಸುಟ್ಟದ್ದನ್ನೂ ಕಣ್ಣು ನೊಂದದ್ದನ್ನೂ ಬರೆದಿಟ್ಟ. ರಷ್ಯಾದ ಬೆನಾರ್ದೋಸ್ ಇಂಗಾಲದ ಕಡ್ಡಿಯಿಂದ ಲೋಹ ಬೆಸೆದದ್ದು 1880ರ ದಶಕದಲ್ಲಿ; ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿ ಲೇಪನವಿರುವ ಕಡ್ಡಿಯನ್ನು ತಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಇಂದು ನಮ್ಮ ಪೇಟೆಗಳಲ್ಲಿ ‘ರಾಡು’ ಎಂದು ಕರೆಯುವುದು ಆ ಕಡ್ಡಿಯ ಸಂತತಿಯನ್ನೇ. ಈ ಕಿಡಿಯ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಧಾರಾಳವಾಗಿದೆ. ಅದು ಕಣ್ಣಿನ ಹೊರಪದರವನ್ನು ಸುಡುತ್ತದೆ, ಆದರೆ ಆ ಹೊತ್ತಿಗೆ ನೋವಿಲ್ಲ. ಆರು ತಾಸೋ ಹನ್ನೆರಡು ತಾಸೋ ಕಳೆದು, ನಡುರಾತ್ರಿ, ಕಣ್ಣೊಳಗೆ ಮರಳು ಸುರಿದಂತಾಗಿ ನೀರು ಸುರಿಯುತ್ತದೆ. ಬೆಳಗಾದರೆ ಆಲೂಗಡ್ಡೆ ಹೋಳು ಕಟ್ಟುತ್ತಾರೆ, ಒಂದೆರಡು ದಿನದಲ್ಲಿ ಇಳಿಯುತ್ತದೆ, ಮತ್ತೆ ಕೆಲಸ. ತಾನಾಗಿ ವಾಸಿಯಾಗುವ ಈ ಗುಣವೇ ಮೋಸ ಮಾಡುವುದು. ಹೊಗೆಯ ಲೆಕ್ಕವಂತೂ ಇನ್ನೂ ದೀರ್ಘ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವೆಲ್ಡಿಂಗ್ ಹೊಗೆಯನ್ನೂ ಅದರ ನೇರಳಾತೀತ ಕಿರಣವನ್ನೂ ಕ್ಯಾನ್ಸರ್ ತರುವುದು ಖಚಿತವೆಂಬ ಮೊದಲ ವರ್ಗಕ್ಕೆ ಸೇರಿಸಿದ್ದು 2017ರ ಪರಿಶೀಲನೆಯ ನಂತರ. ಅದೂ ಲಕ್ಷಾಂತರ ಜನ ದಶಕಗಳ ಕಾಲ ಆ ಹೊಗೆ ಕುಡಿದ ಮೇಲೆ. ಇಷ್ಟು ತಡವಾಗಿ ಬರುವ ಫಲವನ್ನು ಯಾವ ಉಸ್ತಾದನೂ ತನ್ನ ಅನುಭವದಿಂದ ಶಿಷ್ಯನಿಗೆ ಹೇಳಿಕೊಡಲಾರ.

ಈ ವಿದ್ಯುತ್ತು ಹುಟ್ಟಿದ್ದು ಇದೇ ಸೀಮೆಯಲ್ಲಿ. ಜೋಗದ ಯೋಜನೆಯ ಕೆಲಸ 1939ರಲ್ಲಿ ಆರಂಭವಾಗಿ, 1948ರ ಫೆಬ್ರವರಿಯಲ್ಲಿ ಕೇಂದ್ರ ಚಾಲೂ ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, 1965ರಿಂದ 1977ರೊಳಗೆ ಶರಾವತಿ ಕೇಂದ್ರದ 10 ಘಟಕಗಳು ಸೇರಿ 1,035 ಮೆಗಾವ್ಯಾಟ್, 1980ರ ದಶಕದ ಕೊನೆಗೆ ಹೊಸನಗರದ ಕಡೆ ಮಾಣಿ ಅಣೆಕಟ್ಟಿನ ನೀರಿನಿಂದ ವಾರಾಹಿ ವಿದ್ಯುತ್ ಕೇಂದ್ರ. ಬೆಟ್ಟದ ಇಳಿಜಾರಿನ ದೈತ್ಯ ಉಕ್ಕಿನ ಕೊಳವೆಗಳು, ಅಣೆಕಟ್ಟಿನ ಬಾಗಿಲುಗಳು ಇವೆಲ್ಲ ಹೊಸ ಬಗೆಯ ಕಬ್ಬಿಣದ ಕೆಲಸವನ್ನು ಮಲೆನಾಡಿಗೆ ತೋರಿಸಿದವು. ಜೋಗದ ಕರೆಂಟು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಬೆಂಗಳೂರಿಗೂ ಹರಿದು ಬಹಳ ವರ್ಷಗಳಾದರೂ, ಯೋಜನೆಗಾಗಿ ಮನೆ ಗದ್ದೆ ಮುಳುಗಿಸಿಕೊಂಡ ಊರುಗಳ ನೆರೆಹೊರೆಯಲ್ಲೇ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಆ ಅನ್ಯಾಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಕರೆಂಟಿನ ಜತೆ ಬರಬೇಕಿದ್ದ ರಕ್ಷಣೆಯೂ ಅದೇ ರೀತಿ ದೂರದಲ್ಲೇ ಉಳಿಯಿತು ಎಂಬುದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ.

ಜೋಗ ಚಾಲೂ ಆದ 1948ರಲ್ಲೇ ಭಾರತದ ಕಾರ್ಖಾನೆ ಕಾಯ್ದೆ ಬಂತು. ಕಣ್ಣಿಗೆ ಚೂರು ಹಾರುವ, ಅತಿ ಬೆಳಕು ಬೀಳುವ ಕೆಲಸದಲ್ಲಿ ಪರದೆ ಅಥವಾ ಕನ್ನಡಕ ಒದಗಿಸಬೇಕು ಎಂದು ಅದರ 35ನೇ ಕಲಮು ಹೇಳುತ್ತಿತ್ತು. ಒಳ್ಳೆಯ ಕಾನೂನು. ಆದರೆ ವಿದ್ಯುತ್ ಬಳಸುವ ಜಾಗದಲ್ಲಿ ಕನಿಷ್ಠ 10 ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಮಾಲೀಕ, ಅವನ ತಮ್ಮ, ಇಬ್ಬರು ಹುಡುಗರು ಇರುವ ಸಾಗರದ ಅಂಗಡಿಗೆ ಆ ಕಾಯ್ದೆ ಮೊದಲ ದಿನದಿಂದಲೂ ಅನ್ವಯಿಸಿದ್ದಿಲ್ಲ. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆಯ ಮಿತಿಯನ್ನು 20ಕ್ಕೆ ಏರಿಸಿ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐ.ಟಿ.ಐ.ಗಳಲ್ಲಿ ವೆಲ್ಡರ್ ಪಾಠ ನಡೆಯುತ್ತದೆ, ಅಲ್ಲಿ ಸುರಕ್ಷತೆಯನ್ನೂ ಕಲಿಸುತ್ತಾರೆ, ನಿಜ. ಅಲ್ಲಿಂದ ಹೊರಬಿದ್ದವನು ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋಗುತ್ತಾನೆ. ಊರಿನ ಅಂಗಡಿಯಲ್ಲಿ ಕಲಿಯುವವನು ನೋಡಿ ಕಲಿಯುತ್ತಾನೆ, ಅಂದರೆ ಕುಲುಮೆಯ ಕ್ರಮದಲ್ಲೇ. ನೋಡಬಾರದ್ದನ್ನು ನೋಡಿ ಕಲಿಯಬೇಕಾದ ಸ್ಥಿತಿ ಅವನದು.

ಇದರ ಮೇಲೆ ಮಲೆನಾಡಿನ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ, ಹೊಸನಗರದ ಹುಲಿಕಲ್ಲು ಕಡೆಯೂ ಕಡಿಮೆಯೇನಲ್ಲ. ಕಡ್ಡಿಯ ತುದಿಯಲ್ಲಿ, ಕಿಡಿ ಹೊತ್ತುವ ಮೊದಲು, 50ರಿಂದ 80 ವೋಲ್ಟ್‌ನಷ್ಟು ಒತ್ತಡ ಇರುತ್ತದೆ. ಒಣ ಕೈಗವಸು ಹಾಕಿ ಒಣ ಹಲಗೆಯ ಮೇಲೆ ನಿಂತವನಿಗೆ ಅದು ಅಷ್ಟಾಗಿ ತೊಂದರೆ ಕೊಡದು. ಬೆವರಿದ ಬರಿಗೈಯಲ್ಲಿ ಕಡ್ಡಿ ಬದಲಿಸುತ್ತ ಒದ್ದೆ ಕಬ್ಬಿಣದ ಚೌಕಟ್ಟಿನ ಮೇಲೆ ಕೂತವನನ್ನು ಅದೇ ಒತ್ತಡ ಕೊಲ್ಲಬಲ್ಲದು. ಆದ್ದರಿಂದಲೇ ಅಂತಾರಾಷ್ಟ್ರೀಯ ಮಾನಕವು ಒದ್ದೆ, ಇಕ್ಕಟ್ಟು ಜಾಗಗಳಲ್ಲಿ ಬಳಸುವ ಎ.ಸಿ. ಯಂತ್ರಕ್ಕೆ 48 ವೋಲ್ಟ್‌ನ ಮಿತಿ ಇಟ್ಟಿದೆ. ಮೀಟರಿನ ಪಕ್ಕ, ಕರೆಂಟು ಸೋರಿದರೆ ಲೈನು ಕಡಿಯುವ ಇ.ಎಲ್.ಸಿ.ಬಿ. ಹಾಕಿಸಿದ್ದೇವೆ, ಹೆದರಿಕೆಯಿಲ್ಲ ಎಂಬ ಮಾತು ಹಲವರ ಬಾಯಲ್ಲಿದೆ. ಮನೆಯ ಲೈನಿನಿಂದ ಯಂತ್ರದವರೆಗಿನ ದೋಷಕ್ಕೆ ಅದು ಒಳ್ಳೆಯ ಕಾವಲು. ಆದರೆ ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರ್ ಎರಡು ಬದಿಯನ್ನೂ ಬೇರ್ಪಡಿಸಿರುವುದರಿಂದ, ಕಡ್ಡಿಯ ಕಡೆ ಮೈಯಲ್ಲಿ ಹರಿಯುವ ಕರೆಂಟು ಆ ಕಾವಲಿಗೆ ಕಾಣುವುದೇ ಇಲ್ಲ. ಅಲ್ಲಿ ಕಾಯುವುದು ಒಣ ಕೈಗವಸು, ರಬ್ಬರ್ ಅಡಿಯ ಬೂಟು, ಸಿಪ್ಪೆ ಕಿತ್ತುಹೋಗದ ಕೇಬಲ್ಲು, ಕೆಲಸದ ತುಂಡಿಗೇ ಗಟ್ಟಿಯಾಗಿ ಕಚ್ಚಿಸಿದ ರಿಟರ್ನ್ ಕ್ಲ್ಯಾಂಪು, ಇವಿಷ್ಟೇ.

ಕಸುಬು ಇಷ್ಟು ಹಬ್ಬಲು ಅಡಿಕೆಯೇ ಮುಖ್ಯ ಕಾರಣ. ಅಂಗಳದ ಚಪ್ಪರಕ್ಕೆ ಮೊದಲು ಅಡಿಕೆ ಮರದ ಕಂಬ, ದಬ್ಬೆ ಸಾಕಿತ್ತು. ಈಗ ಸತುವಿನ ಲೇಪವಿರುವ ಪೈಪು, ಮೇಲೆ ಶೀಟು. ಅಡಿಕೆ ಸುಲಿಯುವ ಯಂತ್ರಗಳೂ ತೀರ್ಥಹಳ್ಳಿ ಸುತ್ತಿನ ವರ್ಕ್‌ಶಾಪುಗಳಲ್ಲೇ ತಯಾರಾಗುತ್ತವೆ. ಸತುವಿನ ಲೇಪ ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದವನಿಗೆ ಸಂಜೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಮರುದಿನ ಇಳಿಯುವುದರಿಂದ ಮಳೆಯಲ್ಲಿ ನೆಂದ ಜ್ವರ ಎಂದುಕೊಳ್ಳುತ್ತಾರೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಇಳಿಯುತ್ತದೆಂಬ ನಂಬಿಕೆ ಕೂಡ ಇದೆ. ಹೊಟ್ಟೆಗೆ ಹೋದದ್ದು ಶ್ವಾಸಕೋಶವನ್ನು ತೊಳೆಯದು. ಬೆಸೆಯುವ ಜಾಗದಲ್ಲಿ ಲೇಪವನ್ನು ಉಜ್ಜಿ ತೆಗೆಯುವುದು, ಗಾಳಿ ಬೆನ್ನ ಕಡೆಯಿಂದಲೋ ಎದುರಿನಿಂದಲೋ ಬರದೆ ಪಕ್ಕದಿಂದ ಬೀಸುವಂತೆ ನಿಲ್ಲುವುದು, ತಲೆಯನ್ನು ಹೊಗೆಯ ಹೊರಗಿಡುವುದು ದುಡ್ಡು ಬೇಡುವ ಕೆಲಸವಲ್ಲ.

ಗುರಾಣಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹಾಕಿಕೊಳ್ಳದಿರುವುದು ಅವರ ತಪ್ಪೇ ಎಂಬ ಆಕ್ಷೇಪಕ್ಕೆ ಉತ್ತರ ಕೆಲಸದ ಒಳಗೇ ಇದೆ. ಕೈಯಲ್ಲಿ ಹಿಡಿಯುವ ಗುರಾಣಿ ಒಂದು ಕೈಯನ್ನು ಕಟ್ಟಿಹಾಕುತ್ತದೆ. ಪೈಪನ್ನು ಒತ್ತಿ ಹಿಡಿದು ಚುಕ್ಕೆ ಬೆಸುಗೆ ಹಾಕಲು ಆ ಕೈಯೇ ಬೇಕು. ಕಪ್ಪು ಗಾಜಿನ ಹಿಂದೆ ಕಿಡಿಯ ಮೊದಲು ಏನೂ ಕಾಣದು. ಆದ್ದರಿಂದ ಗುರಾಣಿ ಮೂಲೆಗೆ ಹೋಗುತ್ತದೆ. ಕಿಡಿ ಕಂಡೊಡನೆ ತಾನಾಗಿ ಕಪ್ಪಾಗುವ ಶಿರಸ್ತ್ರಾಣ ಈ ತೊಡಕನ್ನು ಬಿಡಿಸುತ್ತದೆ, ಆದರೆ ಬೆಲೆ ಹೆಚ್ಚು, ಕೂಲಿಯವನ ಕೈಗೆ ಎಟುಕದು. ಇನ್ನು ಕಾನೂನನ್ನು ಸಣ್ಣ ಅಂಗಡಿಗೂ ಚಾಚಿದರೆ ಅವು ಮುಚ್ಚಿಹೋಗುತ್ತವೆ ಎಂಬ ಆತಂಕ. ಇನ್‌ಸ್ಪೆಕ್ಟರ್, ರಿಜಿಸ್ಟರು, ದಂಡ ಎಂದರೆ ಹೌದು, ಮುಚ್ಚುತ್ತವೆ. ಆದರೆ ಕೆಲಸ ಕೊಡುವ ತೋಟದ ಯಜಮಾನ ಒಂದು ಚಪ್ಪರಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಶಿರಸ್ತ್ರಾಣದ ಬೆಲೆ ಬಹಳ ಚಿಕ್ಕ ಪಾಲು. ಅಡಿಕೆ ಸಹಕಾರ ಸಂಘಗಳು ಗೊಬ್ಬರಕ್ಕೆ ಸಾಲ ಕೊಡುವ ಹಾಗೆ ಇದನ್ನೂ ಕಂತಿನಲ್ಲಿ ಕೊಡಬಹುದು. ಛಾವಣಿಯ ಕೆಲಸವನ್ನು ಮಳೆಗಾಲಕ್ಕೆ ತಳ್ಳದೆ ಬೇಸಿಗೆಯಲ್ಲೇ ಮುಗಿಸಲು ಒಪ್ಪಂದ ಮಾಡಿಕೊಳ್ಳಬಹುದು. ಕಮ್ಮಾರನಿಗೆ ಭತ್ತ ಅಳೆದ ಊರು ಅವನ ಇದ್ದಿಲಿನ ಚಿಂತೆಯನ್ನೂ ಹೊತ್ತಿತ್ತು. ವೆಲ್ಡರನ ಕೈಗವಸಿನ ಚಿಂತೆಯನ್ನು ಅವನೊಬ್ಬನ ಮೇಲೆ ಬಿಟ್ಟದ್ದು ನಮ್ಮ ಕಾಲದ ಏರ್ಪಾಡು. ಅದನ್ನು ಬದಲಿಸಲು ಕೆಲಸ ಒಪ್ಪಿಸುವವರೇ ಮೊದಲು ಕೈ ಹಾಕಬೇಕು.