ಸರ್ಕಾರಿ ಊಟದ ಕಡತದಲ್ಲಿ ಯಾರ ಮೌಲ್ಯ?



ಆಫೀಸಿನಲ್ಲಿ ಕಡತ ಹಿಡಿಯೋ ಗುಮಾಸ್ತ ನಾನು. ಒಂದು ಮಾತು ಚೆನ್ನಾಗಿ ಗೊತ್ತು: ಆದೇಶದಲ್ಲಿ ಬರೆಯದೇ ಇದ್ದದ್ದು ಖರೀದಿಯಾಗೋದಿಲ್ಲ. ಈಗ ಕೆಲವರು, ಸರ್ಕಾರ ಕಡಿಮೆ ದರ ಒಂದನ್ನೇ ನೋಡದೆ ಮೌಲ್ಯ ನೋಡಿ ಆಹಾರ ಕೊಳ್ಳಬೇಕು ಅಂತಾರೆ. ಒಳ್ಳೇದೇ. ಆದರೆ ಸರ್ಕಾರಿ ಊಟ ಮೌಲ್ಯ ಇಲ್ಲದೆ ಯಾವತ್ತೂ ಬೆಂದಿಲ್ಲ. ಯಾರ ಮೌಲ್ಯ ಅನ್ನೋದೇ ಪ್ರಶ್ನೆ.

ನಮ್ಮ ಮಿಜಾರು ಇರೋ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಆ ಮದ್ರಾಸ್ ನಗರದಲ್ಲಿ 1920ರಲ್ಲಿ, ತ್ಯಾಗರಾಯ ಚೆಟ್ಟಿಯವರು ಕಾರ್ಪೊರೇಷನ್ ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಶಾಲೆಯ ಬಡಮಕ್ಕಳಿಗೆ ತಿಂಡಿ ಮಂಜೂರಾಯಿತು. ಷರತ್ತು: ಮಗುವಿಗೆ ದಿನಕ್ಕೆ ಒಂದು ಆಣೆ ಮೀರಬಾರದು. ದೊಡ್ಡ ಕೆಲಸವೇ. ಆದರೆ ಕಡತಕ್ಕೆ ಹತ್ತಿದ್ದು ದರದ ಮಿತಿ.

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬಿಸಿಯೂಟಕ್ಕೆ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಬರೆಯಿತು. 2004ರ ಏಪ್ರಿಲ್ 20ರಂದು ಇನ್ನೊಂದು ಸಾಲು ಸೇರಿತು: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ. ನಮ್ಮ ಮೌಲ್ಯ ಅಡುಗೆಮನೆ ಹೊಕ್ಕಿದ್ದು ಆ ಒಂದು ಸಾಲಿನಿಂದ.

ಬರೆದ ಮಾತ್ರಕ್ಕೆ ಜಾತಿ ಹೋಗಲಿಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ 22 ಮಕ್ಕಳಲ್ಲಿ ಒಬ್ಬರೇ ಉಳಿದರು ಅಂತ ಪತ್ರಿಕೆಗಳಲ್ಲಿ ಬಂತು. ಆದರೂ ಆದೇಶ ಇದ್ದದ್ದಕ್ಕೇ ಆ ಅಕ್ಕ ಅಲ್ಲಿ ನಿಲ್ಲಲು ಹಕ್ಕಿತ್ತು.

ಇನ್ನು ಪಾತ್ರೆಯೊಳಗಿನ ಮಾತು. 2018ರ ಕೊನೆಯಲ್ಲಿ ಊಟಕ್ಕೆ ಈರುಳ್ಳಿ ಬೆಳ್ಳುಳ್ಳಿ ಹಾಕಿ ಅಂತ ಸರ್ಕಾರ ಹೇಳಿದಾಗ ಅಕ್ಷಯ ಪಾತ್ರೆ ಸಂಸ್ಥೆ ಒಪ್ಪಲಿಲ್ಲ. ಅದೂ ಮೌಲ್ಯವೇ ತಾನೆ? ಕೊಟ್ಟವರ ಮೌಲ್ಯ, ಉಣ್ಣೋ ಮಗುವಿನದ್ದಲ್ಲ. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಸೇರಿ ಏಳು ಜಿಲ್ಲೆಗಳ ಮಕ್ಕಳ ತಟ್ಟೆಗೆ ಮೊಟ್ಟೆ ಬಂತು. ಕೆಲವು ಮಠಾಧೀಶರು ವಿರೋಧಿಸಿದರು. ಬೇಡದವರಿಗೆ ಬಾಳೆಹಣ್ಣು ಇತ್ತು; ಬೇಕಾದವರಿಗೂ ಬೇಡ ಅನ್ನೋದು ಎಂಥ ನ್ಯಾಯ? ಕೊನೆಗೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತು.

ಉಳಿದಿರೋ ಪ್ರಶ್ನೆ: ಯಾರಿಂದ ಕೊಳ್ಳಬೇಕು? ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿತು. ಶಾಲಾ ಊಟಕ್ಕೆ ಕೇಂದ್ರ ಕೊಡೋ ಹಣದಲ್ಲಿ ಕನಿಷ್ಠ ಶೇ. 30 ಸಣ್ಣ ರೈತ ಕುಟುಂಬಗಳಿಂದಲೇ ಖರೀದಿಗೆ ಅಂತ ಆಗ ಅದರಲ್ಲಿ ಬರೆದಿತ್ತು. ಅದರಲ್ಲೂ ಭೂಸುಧಾರಣೆಯಲ್ಲಿ ಭೂಮಿ ಪಡೆದವರಿಗೆ, ಆದಿವಾಸಿಗಳಿಗೆ, ಗುಲಾಮಗಿರಿ ತಪ್ಪಿಸಿಕೊಂಡು ಊರು ಕಟ್ಟಿದವರ ವಂಶಸ್ಥರಿಗೆ ಆದ್ಯತೆ.

ನಮ್ಮ ಕರಾವಳಿಯಲ್ಲಿ ಉಣ್ಣೋದು ಕುಚ್ಚಲಕ್ಕಿ. ‘ಊರಿನ ಅಕ್ಕಿ ಕೊಳ್ಳಿ’ ಅಂತ ಘೋಷಣೆ ಕೂಗೋದು ಸುಲಭ. ಆದರೆ ಊರಿನ ಗದ್ದೆ ಯಾರ ಹೆಸರಲ್ಲಿದೆ? ನಮ್ಮ ಹಿರಿಯರು ನೇಜಿ ನೆಟ್ಟರು, ಪಹಣಿಯಲ್ಲಿ ಹೆಸರು ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದೇ ಕಾದಿಟ್ಟ ಡಿ.ಸಿ. ಮನ್ನಾ ಜಮೀನಿಗಾಗಿ ಇವತ್ತಿಗೂ ನಮ್ಮವರು ಧರಣಿ ಕೂರ್ತಿದ್ದಾರೆ. ಭೂಮಿ ಕೊಡದೆ ‘ಸ್ಥಳೀಯ ರೈತ’ ಅಂದರೆ ಮತ್ತೆ ಅದೇ ಮನೆಯವರಿಗೇ ಲಾಭ.

ಹಾಗಾಗಿ ಖರೀದಿ ಆದೇಶದಲ್ಲಿ ಬರೀಲಿ: ದಲಿತ ಆದಿವಾಸಿ ರೈತರು, ಮಹಿಳಾ ಗುಂಪುಗಳಿಂದ ಇಷ್ಟು ಪಾಲು. ಡಿ.ಸಿ. ಮನ್ನಾ ಜಮೀನು ನಮಗೆ ಹಂಚಲಿ. ಅಡುಗೆ ಅಕ್ಕಂದಿರಿಗೆ ‘ಗೌರವಧನ’ ಅಲ್ಲ, ಸಂಬಳ ಅಂತ ಬರೀಲಿ.

ಭಾಷಣದ ಮೌಲ್ಯ ಸಾಕು. ಬರವಣಿಗೆಯಲ್ಲಿ ಕೊಡಿ.

ಜೈ ಭೀಮ್.